ತಾರ್ಲಿಯ ಬದಲಿಗೆ ಏನು?

ಬೆಳಗಾವಿಯ ಟಿಳಕವಾಡಿಯ ಮನೆಗಳಿಗೆ ಮೀನು ಬರುವ ದಾರಿ ಎರಡು. ಬಾಂಗಡೆ, ತಾರ್ಲಿ ಕಾರವಾರ ಮತ್ತು ಗೋವಾ ಕಡೆಯಿಂದ ಘಾಟಿ ಹತ್ತಿ ಬರುತ್ತವೆ. ರೋಹು, ಕಾಟ್ಲಾ, ರೂಪಚಂದ ಕೆರೆ-ಹೊಂಡಗಳಿಂದ ಬರುತ್ತವೆ. ಹೊಂಡದ ಮೀನಿಗೆ ಸಮುದ್ರದ ಋಣವಿಲ್ಲವೆಂದು ನಂಬಿದವರೇ ಹೆಚ್ಚು. ಪೆಲೆಟ್ (ಗುಳಿಗೆ ಆಹಾರ) ತಿಂದು ಬೆಳೆದ ಮೀನಿನ ಮಟ್ಟಿಗೆ ಹಾಗೆನ್ನಲಾಗದು. ಅದೇ ತಾರ್ಲಿ ಹಿಟ್ಟಾಗಿ, ಎಣ್ಣೆಯಾಗಿ ಪೆಲೆಟ್ಟಿನೊಳಗೆ ಸೇರಿರಬಹುದು. ಪೆಲೆಟ್ ಚೀಲದ ಮೇಲೆ ಪ್ರೋಟೀನ್, ಕೊಬ್ಬು ಶೇಕಡಾ ಎಷ್ಟೆಂದು ಇರುತ್ತದೆ. ಅವು ಎಲ್ಲಿಂದ ಬಂದವೆಂದು ಸಾಮಾನ್ಯವಾಗಿ ಇರುವುದಿಲ್ಲ.

ಕರಾವಳಿಯಲ್ಲಿ ಮೀನಿನ ಹಿಟ್ಟು-ಎಣ್ಣೆಯ ಉದ್ಯಮ ಶುರುವಾದದ್ದು ಮೀನು ಸಾಕಣೆಗಾಗಿ ಅಲ್ಲ. 20ನೇ ಶತಮಾನದ ಆರಂಭದಲ್ಲಿ ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆಯ ಹೊಣೆ ಹೊತ್ತಿದ್ದ ಫ್ರೆಡರಿಕ್ ನಿಕಲ್ಸನ್ ಮಲಬಾರ್–ದಕ್ಷಿಣ ಕನ್ನಡ ತೀರದಲ್ಲಿ ತಾರ್ಲಿಯನ್ನು, ಅಂದರೆ ಮಂಗಳೂರಿನವರ ಬೂತಾಯಿಯನ್ನು, ಬೇಯಿಸಿ ಹಿಂಡಿ ಎಣ್ಣೆ ತೆಗೆಯುವ ಸುಧಾರಿತ ಪದ್ಧತಿಗೆ ಒತ್ತು ಕೊಟ್ಟರು. ಎಣ್ಣೆ ಹೊರದೇಶಕ್ಕೆ ಹೋಯಿತು, ಉಳಿದದ್ದು ತೋಟಗಳಿಗೆ ಗೊಬ್ಬರವಾಯಿತು. 1970ರ ದಶಕದ ನಡುವೆ ಪರ್ಸೀನ್ ಬಲೆ ಬಂದು ದಡಕ್ಕೆ ಎಳೆಯುವ ರಂಪಣಿ ಬಲೆ ಮೂಲೆಗೆ ಸರಿಯಿತು. ಒಮ್ಮೆಲೇ ಬಂದು ಬೀಳುವ ರಾಶಿ ಮೀನಿಗೆ ಗಿರಾಕಿ ಬೇಕಾಯಿತು. ಉಳ್ಳಾಲದ ಕೋಟೆಪುರ, ಮುಕ್ಕ, ಮಲ್ಪೆಗಳ ಮೀನು ಹಿಟ್ಟಿನ (ಫಿಶ್‌ಮೀಲ್) ಕಾರ್ಖಾನೆಗಳು ಆ ಗಿರಾಕಿಗಳಾದವು. ಒಂದು ಕಿಲೋ ಹಿಟ್ಟಿಗೆ ನಾಲ್ಕೈದು ಕಿಲೋ ಹಸಿ ಮೀನು ಬೇಕು.

ಒಳನಾಡಿನ ಕಥೆ ಬೇರೆ. 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧರಿ ಹಾರ್ಮೋನ್ ಚುಚ್ಚಿ ಗೆಂಡೆ ಜಾತಿಯ ಮೀನುಗಳ ಮರಿ ಮಾಡಿಸಿದ ಮೇಲೆ ಬಿತ್ತನೆಯ ಕೊರತೆ ನೀಗುತ್ತ ಬಂತು. ಹೊಂಡಕ್ಕೆ ಸುಣ್ಣ, ಸಗಣಿ. ಮೇಲೆ ಸಮಪಾಲು ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡು. ಇದೇ ಪಾಠವಾಯಿತು. ಆಂಧ್ರದ ಹೊಂಡಗಳಲ್ಲಿ ತೌಡು ತುಂಬಿದ ಚೀಲಕ್ಕೆ ತೂತು ಮಾಡಿ ಬಿದಿರಿಗೆ ಕಟ್ಟಿ ನೀರಿಗಿಳಿಸುತ್ತಾರೆ. ಮೀನು ಬಂದು ತೂತಿಗೆ ಬಾಯಿಟ್ಟು ತಿನ್ನುತ್ತದೆ, ತೌಡು ನೀರಿಗೆ ಚೆಲ್ಲಿ ಹಾಳಾಗುವುದು ತಪ್ಪುತ್ತದೆ. ಇಲ್ಲಿ ಮೀನು ಹಿಟ್ಟಿನ ಮಾತೇ ಇರಲಿಲ್ಲ. ನಾವು ಅದರ ಮೇಲೆ ಅವಲಂಬಿತರಾದದ್ದು ತಡವಾಗಿ, ಮುಖ್ಯವಾಗಿ 1990ರ ದಶಕದ ಸೀಗಡಿ ಸಾಕಣೆಯ ಭರಾಟೆಯಲ್ಲಿ. ಬದಲಿ ಹುಡುಕುವ ಚರ್ಚೆಯಲ್ಲಿ ಈ ಸಂಗತಿ ಬಹಳ ಸಲ ಮರೆತುಹೋಗುತ್ತದೆ.

ಪಶ್ಚಿಮದ ದೇಶಗಳಿಗೆ ಎಚ್ಚರ ಮೂಡಿಸಿದ್ದು ಪೆರು. 1970ರ ಸುಮಾರಿಗೆ ವರ್ಷಕ್ಕೆ 1.2 ಕೋಟಿ ಟನ್ನು ಮೀರಿದ್ದ, ಮೀನು ಹಿಟ್ಟಿಗೆಂದೇ ನಡೆಯುತ್ತಿದ್ದ ಅಲ್ಲಿನ ಆಂಕೊವೆಟಾ ಮೀನುಗಾರಿಕೆ 1972–73ರ ಎಲ್‌ನಿನೋ ಮತ್ತು ಮಿತಿಮೀರಿದ ಬೇಟೆಯಿಂದ ಕುಸಿಯಿತು. 2000ದಲ್ಲಿ ರೋಸಮಂಡ್ ನೇಲರ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ನೇರವಾಗಿಯೇ ಲೆಕ್ಕ ಕೇಳಿದರು: ಸಾಲ್ಮನ್ ಸಾಕುವವರು ಸಮುದ್ರಕ್ಕೆ ಮೀನು ಕೂಡಿಸುತ್ತಿದ್ದಾರೋ, ಕಳೆಯುತ್ತಿದ್ದಾರೋ? ನಾರ್ವೆಯ ಸಾಲ್ಮನ್ ಆಹಾರದಲ್ಲಿ 1990ರಲ್ಲಿ ಶೇ. 90ರಷ್ಟಿದ್ದ ಸಮುದ್ರಮೂಲದ ಪದಾರ್ಥ 2013ಕ್ಕೆ ಶೇ. 30ಕ್ಕೆ ಇಳಿಯಿತು.

ಆ ಜಾಗಕ್ಕೆ ಬಂದದ್ದರಲ್ಲಿ ಮುಖ್ಯವಾದದ್ದು ಸೋಯಾ. ಸಲೀಸಾಗಿ ಏನೂ ಬರಲಿಲ್ಲ. ಸೋಯಾದಲ್ಲಿ ಮಿಥಿಯೋನಿನ್ ಎಂಬ ಅಮಿನೋ ಆಮ್ಲ ಕಡಿಮೆ. ಅದರ ಫೈಟಿಕ್ ಆಮ್ಲ ರಂಜಕವನ್ನು ಬಿಗಿಹಿಡಿಯುತ್ತದೆ. ಹಸಿಯಾಗಿದ್ದರೆ ಪ್ರೋಟೀನ್ ಜೀರ್ಣವಾಗಲು ಅಡ್ಡಿಮಾಡುವ ಅಂಶವೂ ಇದೆ. ಸೋಯಾ ಹಿಂಡಿ ತಿಂದ ಸಾಲ್ಮನ್ನಿನ ಕರುಳಿನ ಹಿಂಭಾಗ ಉರಿಯೂತದಿಂದ ಬಾಧಿತವಾಗುವುದನ್ನು ನಾರ್ವೆಯ ವಿಜ್ಞಾನಿಗಳು 1996ರಲ್ಲಿ ವಿವರಿಸಿದರು. ಬಿಸಿ ಮಾಡುವುದು, ಪ್ರೋಟೀನನ್ನಷ್ಟೇ ಬೇರ್ಪಡಿಸುವುದು, ಫೈಟೇಸ್ ಕಿಣ್ವ ಮತ್ತು ಮಿಥಿಯೋನಿನ್ ಬೆರೆಸುವುದು, ಹೀಗೆ ಒಂದೊಂದೇ ತೊಡಕು ಬಿಡಿಸಿಕೊಂಡರು. ಮೀನಿಗೆ ಬೇಕಾದದ್ದು ಮೀನು ಹಿಟ್ಟಲ್ಲ, ಅದರೊಳಗಿನ ಪೋಷಕಾಂಶ ಎಂಬ ತಿಳಿವಳಿಕೆ ಈ ಕೆಲಸದ ನಿಜವಾದ ಫಲ.

ಪ್ರೋಟೀನಿನ ಗಂಟು ಹೀಗೆ ಬಹುಪಾಲು ಸಡಿಲವಾಯಿತು, ಎಣ್ಣೆಯದು ಆಗಲಿಲ್ಲ. ನಮ್ಮ ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಹೇಳುವ ಇಪಿಎ, ಡಿಎಚ್‌ಎ ಕೊಬ್ಬಿನಾಮ್ಲಗಳು ಸಾಮಾನ್ಯ ಸಸ್ಯದೆಣ್ಣೆಯಲ್ಲಿಲ್ಲ. ಸ್ಕಾಟ್ಲೆಂಡಿನ ಸಾಕು ಸಾಲ್ಮನ್ನಿನಲ್ಲಿ ಅವುಗಳ ಪ್ರಮಾಣ 2006ರಿಂದ 2015ರೊಳಗೆ ಸುಮಾರು ಅರ್ಧಕ್ಕಿಳಿಯಿತೆಂದು ಸ್ಟರ್ಲಿಂಗ್ ವಿಶ್ವವಿದ್ಯಾಲಯದ ತಂಡ ತೋರಿಸಿತು. ಈಗ ತೊಟ್ಟಿಗಳಲ್ಲಿ ಬೆಳೆಸಿದ ಸೂಕ್ಷ್ಮಜೀವಿಗಳಿಂದ ಆ ಎಣ್ಣೆ ತೆಗೆಯುತ್ತಾರೆ; ಬೆಲೆ ಮಾತ್ರ ದುಬಾರಿ. ನಮ್ಮ ಗೆಂಡೆ ಮೀನುಗಳು ಸಸ್ಯದೆಣ್ಣೆಯಿಂದಲೇ ಇವನ್ನು ಸ್ವಲ್ಪಮಟ್ಟಿಗೆ ತಯಾರಿಸಿಕೊಳ್ಳಬಲ್ಲವು. ಸಮುದ್ರದ ಹೆಚ್ಚಿನ ಮೀನುಗಳಿಗೆ ಆ ಶಕ್ತಿ ತೀರ ಕಡಿಮೆ.

ಕರ್ನಾಟಕದ ಕೈಯಲ್ಲೇ ಇದ್ದ ಒಂದು ಬದಲಿಯನ್ನು ನಾವು ಸಾಕಷ್ಟು ಬಳಸಿಕೊಳ್ಳಲಿಲ್ಲವೆಂದು ನನಗನಿಸುತ್ತದೆ. ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಪ್ಯೂಪಾದ ಒಣತೂಕದಲ್ಲಿ ಅರ್ಧದಷ್ಟು ಪ್ರೋಟೀನ್. 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಎಂ. ಸಿ. ನಂದೀಶ ಮತ್ತು ಸಹೋದ್ಯೋಗಿಗಳು ಇದನ್ನು ಸಾಮಾನ್ಯ ಗೆಂಡೆಗೆ ತಿನ್ನಿಸಿ 1990ರಲ್ಲೇ ಫಲಿತಾಂಶ ಪ್ರಕಟಿಸಿದರು. ಮೀನು ಚೆನ್ನಾಗಿಯೇ ಬೆಳೆದಿತ್ತು. ಜಪಾನಿನ ರೈತರಿಗೆ ಇದು ಹಳೆಯ ರೂಢಿ. ಆದರೆ ಪ್ಯೂಪಾ ಬೇಗ ಕೊಳೆತು ನಾರುತ್ತದೆ. ನೂಲು ಬಿಚ್ಚುವ ಸಣ್ಣ ಸಣ್ಣ ಫಿಲೇಚರ್‌ಗಳಿಂದ ಅದನ್ನು ಒಟ್ಟುಮಾಡಿ ಒಣಗಿಸುವವರು ಯಾರು?

ಸುದ್ದಿಯಲ್ಲಿರುವುದು ಬೇರೆ ಹುಳುಗಳು. ಐರೋಪ್ಯ ಒಕ್ಕೂಟ 2017ರಲ್ಲಿ ಸಾಕುಮೀನಿಗೆ ಕೀಟದ ಪ್ರೋಟೀನ್ ಕೊಡಲು ಒಪ್ಪಿತು, ಬಂಡವಾಳ ಹರಿಯಿತು. ಆದರೆ ಹೀಗೆ ಕೀಟ ಸಾಕುತ್ತಿದ್ದ ಫ್ರಾನ್ಸಿನ ಯಿನ್ಸೆಕ್ಟ್ ಕಂಪನಿ 2025ರಲ್ಲಿ ದಿವಾಳಿಯಾಯಿತು. ಹುಳುವಲ್ಲದ ದಾರಿಯೂ ಇದೆ: ಬೆಂಗಳೂರಿನ ಸ್ಟ್ರಿಂಗ್ ಬಯೋ ಕಂಪನಿ ಮೀಥೇನ್ ಅನಿಲವನ್ನು ಬ್ಯಾಕ್ಟೀರಿಯಾಕ್ಕೆ ಉಣಿಸಿ ಪ್ರೋಟೀನ್ ಮಾಡುತ್ತದೆ.

ಬೆಳಗಾವಿ ಜಿಲ್ಲೆಯ ಮಟ್ಟಿಗೆ ಬೈಲಹೊಂಗಲದ ಸೋಯಾ, ಖಾನಾಪುರದ ಭತ್ತದ ತೌಡು ಕೈಗೆಟಕುವಂಥವು. ಸೋಯಾಕ್ಕೂ ಹೊಲ, ನೀರು, ಗೊಬ್ಬರ ಬೇಕು. ಸಮುದ್ರದ ಭಾರ ನೆಲಕ್ಕೆ ಬಂತೆಂದು ಆಕ್ಷೇಪಿಸುವವರ ಮಾತಿನಲ್ಲಿ ಹುರುಳಿದೆ. ಆದರೂ ರೋಹು-ಕಾಟ್ಲಾ ಸಾಕುವವರಿಗೆ ಮೀನು ಹಿಟ್ಟು ಅನಿವಾರ್ಯವಲ್ಲ. ಅದನ್ನು ಪೂರ್ತಿ ಬಿಡುವುದು ಕಷ್ಟವಾಗಿರುವುದು ಸೀಗಡಿಗೆ, ಸಮುದ್ರದ ಮಾಂಸಾಹಾರಿ ಮೀನಿಗೆ, ಮೊಟ್ಟೆಯೊಡೆದು ಬಂದ ಮರಿಗಳಿಗೆ. ಹಾಗಾಗಿ ಆಹಾರ ತಯಾರಕರು ಅದನ್ನೀಗ ಚೀಲಗಟ್ಟಲೆ ಸುರಿಯುವುದಿಲ್ಲ; ಮರಿಗಳ ಆಹಾರಕ್ಕೆ, ತಾಯಿಮೀನಿಗೆ ಎಂದು ಅಳೆದು ಹಾಕುತ್ತಾರೆ.