ಕುಂತು ಕೇಳಿದಾಂವ ಸಾಲ ತೀರಿಸಿದ

ನಮ್ಮ ಅಕ್ಕನ ಮೊಮ್ಮಗ ಸೂಟಿಗೆ ಬಂದಾಗೆಲ್ಲಾ ಕೈಯಾಗೊಂದು ಆಟದ ಡಬ್ಬಿ ಹಿಡ್ಕೊಂಡೇ ಇರ್ತಾನ. ಅದರಾಗ ಗುಲಾಬಿ ಬಣ್ಣದ್ದೊಂದು ದುಂಡನ ಕೂಸು. ಎದುರಿಗೆ ಬಂದದ್ದನ್ನೆಲ್ಲಾ ಬಾಯಿ ತಗದು ಒಳಗ ಎಳಕೊಂಡು ನುಂಗ್ತದ, ಗಾಳಿ ತುಂಬ್ಕೊಂಡು ಉಬ್ಬಿ ಹಾರ್ತದ. “ಏನೋ ಇದು, ಹೂರಣದ ಉಂಡಿಗೆ ಕೈಕಾಲು ಬಂದಂಗ ಅದಲ್ಲಾ?” ಅಂದೆ. “ಅಜ್ಜಿ, ಇದು ಕರ್ಬಿ!” ಅಂತ ನನಗ ಏನೂ ತಿಳಿಯೂದಿಲ್ಲ ಅನ್ನೋಹಂಗ ನೋಡಿದ.

ಈ ಉಂಡಿ ಮಾಡಿದವರು ಯಾರು ಅಂತ ಓದ್ಕೋತ ಹೋದಾಗ ಸಿಕ್ಕ ಕಥಿ ಇವತ್ತ ನಿಮಗ ಹೇಳ್ತೀನಿ. ಹುಡುಗರ ಆಟದ ಕಥಿ ನಮಗ್ಯಾಕ ಅನಬ್ಯಾಡ್ರಿ ವೈನಿ. ಇದು ಖರೇ ಅಂದ್ರ ಸಾಲದ ಕಥಿ. ಸಾಲ ಅಂದ್ರೇನು ಅಂತ ನಮ್ಮೊಳಗ ಯಾರಿಗೆ ಗೊತ್ತಿಲ್ಲ?

ಕಂಪನಿ ಹೆಸರು ಹ್ಯಾಲ್ ಲ್ಯಾಬೊರೇಟರಿ, ಊರು ಜಪಾನಿನ ಟೋಕಿಯೋ. ಬೆಂಗಳೂರಾಗ ವಿಮಾನ ಮಾಡೋ ಎಚ್‌ಎಎಲ್ ಅಲ್ಲ ಮತ್ತ, ಅಕ್ಷರ ಅಷ್ಟ ಅವೇ. ಆ ಕಾಲಕ್ಕ ಕಂಪ್ಯೂಟರ್ ಅಂದ್ರ ಅಮೆರಿಕಾದ ಐಬಿಎಂ. ಇಂಗ್ಲಿಷ್ ಅಕ್ಷರಮಾಲ್ಯಾಗ ‘ಐ’ಕಿಂತ ಮೊದಲ ‘ಎಚ್’, ‘ಬಿ’ಕಿಂತ ಮೊದಲ ‘ಎ’, ‘ಎಂ’ಕಿಂತ ಮೊದಲ ‘ಎಲ್’. ಐಬಿಎಂಗಿಂತ ಒಂದು ಹೆಜ್ಜಿ ಮುಂದ ಇರೋಣು ಅಂತ ಈ ಹೆಸರಿಟ್ರು. ಹೆಸರು ಅಷ್ಟ ದೊಡ್ಡದು, ಕೆಲಸಕ್ಕಿದ್ದ ಮಂದಿ ಬೆರಳಿನ ಮ್ಯಾಲ ಎಣಸೋವಷ್ಟು.

ಕಂಪನಿ ಹುಟ್ಟಿದ್ದು 1980ರಾಗ, ಅದೂ ಒಂದು ದೊಡ್ಡ ಅಂಗಡಿಯ ಮೂಲ್ಯಾಗಿನ ಗೆಳೆತನದಿಂದ. ಟೋಕಿಯೋದ ಇಕೆಬುಕುರೋದಾಗ ಸೆಯಿಬು ಅನ್ನೋ ಅಂಗಡಿ. ಸೀರಿ ಪಾತ್ರದಿಂದ ಹಿಡಿದು ಎಲ್ಲಾ ಸಿಗೋವಂಥ ದುಕಾನ. ಅದರ ಒಂದು ಕಡೆ ಕಂಪ್ಯೂಟರ್ ಮಾರಾಟಕ್ಕ ಇಟ್ಟಿದ್ರು. ಅಲ್ಲಿಗೆ ಸತೋರು ಇವಾತಾ ಅನ್ನೋ ಕಾಲೇಜ್ ಹುಡುಗ ಪದೇ ಪದೇ ಬರ್ತಿದ್ದ. ತಾನು ಬರದ ಪ್ರೋಗ್ರಾಂ ಅಲ್ಲಿದ್ದವರಿಗೆ ತೋರಸ್ತಿದ್ದ. ಅವನಂಥಾ ಇನ್ನೂ ನಾಕು ಹುಚ್ಚರು ಅಲ್ಲೇ ಜೋಡಿ ಆದ್ರು. ಆ ಅಂಗಡ್ಯಾಗ ಕೆಲಸ ಮಾಡೋರೊಬ್ಬರು ನೌಕರಿ ಬಿಟ್ಟು, ಇವರನ್ನೆಲ್ಲಾ ಕೂಡಿಸ್ಕೊಂಡು ಕಂಪನಿ ಶುರು ಮಾಡಿದ್ರು. ಇವಾತಾ ಮೊದಲ ಅರ್ಧ ವ್ಯಾಳ್ಯಾದ ಕೆಲಸಕ್ಕ ಹೋದ. ಕಾಲೇಜ್ ಮುಗದ ಮ್ಯಾಲ, 1982ರಾಗ, ಅಲ್ಲೇ ಪೂರ್ತಿ ನೌಕರಿಗೆ ಸೇರಿಬಿಟ್ಟ.

ಮನ್ಯಾಗ ಏನಾಗಿರಬೇಕು ನೀವ ಹೇಳ್ರಿ. ಟೋಕಿಯೋ ತಂತ್ರಜ್ಞಾನ ಸಂಸ್ಥೆ ಅಂದ್ರ ನಮ್ಮ ಐಐಟಿ ಇದ್ದಂಗ. ಅಲ್ಲಿ ಓದಿದ ಮಗ ಯಾವುದರ ದೊಡ್ಡ ಕಂಪನಿ ಸೇರ್ತಾನ ಅಂತ ಅಪ್ಪ ಕಾಯ್ಕೋತ ಕುಂತಿರ್ತಾನ. ಇವಾ ನೋಡಿದ್ರ ಹೆಸರೂ ಕೇಳಿರದ ಆಟದ ಕಂಪನಿ ಹಿಡದ. ಅವರಪ್ಪ ಸಾಮಾನ್ಯರಲ್ಲ, ಹೊಕ್ಕೈಡೋ ಕಡೆ ಮುರೊರಾನ್ ಅನ್ನೋ ಊರಿಗೆ ಮೇಯರ್ ಆಗಿದ್ದವರು. ಆರು ತಿಂಗಳ ಮಗನ ಜೋಡಿ ಮಾತು ಬಿಟ್ರಂತ. ಬೈಯೂದು ಬ್ಯಾರೆ, ಮಾತು ಬಿಡೂದು ಬ್ಯಾರೆ. ಬೈದ್ರ ಸಂಜೀಕ ಮರತು ಹೋಗ್ತದ. ಸುಮ್ಮನಿದ್ದದ್ದು ಎದಿಯಾಗ ಉಳೀತದ.

1983ರಾಗ ನಿಂಟೆಂಡೊ ಕಂಪನಿ ಟೀವಿಗೆ ಜೋಡಿಸಿ ಆಡೋ ಫ್ಯಾಮಿಕಾಂ ಅನ್ನೋ ಯಂತ್ರ ತಂತು. ಇದರ ಮ್ಯಾಲ ಹ್ಯಾಲ್ ಮಂದಿಗೆ ಭಾರೀ ಆಶಾ. ಇವಾತಾ ಕ್ಯೋಟೋಕ್ಕ ಹೋಗಿ “ನಮಗೂ ಕೆಲಸ ಕೊಡ್ರಿ” ಅಂತ ಕೇಳಿದ. ಕೆಲಸ ಸಿಕ್ತು. ನಿಂಟೆಂಡೊದ ಗಾಲ್ಫ್ ಆಟ ಅದಲ್ಲಾ, ಹದಿನೆಂಟು ಕುಣಿ ಇರೋ ಪೂರ್ತಿ ಮೈದಾನ ಒಂದು ಸಣ್ಣ ಕ್ಯಾಸೆಟ್ಟಿನಾಗ ಹಿಡಸೂದು ಆಗೂದಿಲ್ಲ ಅಂತ ಬ್ಯಾರೆಯವರು ಕೈ ಚೆಲ್ಲಿದ್ರು. ಇವಾತಾ ಹಿಡಿಸಿ ತೋರಿಸಿದ. ಸಣ್ಣ ಟ್ರಂಕಿನಾಗ ಇಡೀ ಲಗ್ನದ ಸಾಮಾನು ತುಂಬೋ ಕಾಕು ಒಬ್ಬರು ಎಲ್ಲಾ ಮನ್ಯಾಗ ಇರ್ತಾರಲ್ಲಾ, ಅಂಥಾ ಕೈ. ಇನ್ನೊಂದು ಮಾತು. ನಿಂಟೆಂಡೊ ಕೆಲಸಾ ಕೊಟ್ರೂ ಹ್ಯಾಲ್ ಅವರ ಇಲಾಖೆ ಆಗಲಿಲ್ಲ. ತನ್ನ ಕಾಲಮ್ಯಾಲ ನಿಂತ ಬ್ಯಾರೆ ಕಂಪನಿನ ಆಗಿ ಉಳೀತು.

ತನ್ನ ಕಾಲಮ್ಯಾಲ ನಿಂತವರು ಬೀಳೂದೂ ತಾವ ಬೀಳಬೇಕಾಗ್ತದ. ಎಂಬತ್ತರ ದಶಕ ಮುಗಿಯೂದ್ರಾಗ ಕಂಪನಿ ದೊಡ್ಡದಾತು. ಫೂಜಿ ಪರ್ವತದ ಸೀಮಿ ಯಾಮಾನಾಶಿ, ದ್ರಾಕ್ಷಿ ತೋಟದ ನಾಡು. ಅಲ್ಲೆ ಹೊಸಾ ಕೇಂದ್ರ ಕಟ್ಟಿಸಿದ್ರು. ಆಟ ಮಾಡೋ ಖರ್ಚೂ ಏರಿತು. ಮೆಟಲ್ ಸ್ಲೇಡರ್ ಗ್ಲೋರಿ ಅನ್ನೋ ಒಂದ ಆಟಕ್ಕ ಸುಮಾರು ನಾಕು ವರ್ಷ ಹಿಡೀತು, 1991ಕ್ಕ ಹೊರಗ ಬಂತು. ಆಮದನಿ ಒಂದು ಕಡೆ, ಖರ್ಚು ಇನ್ನೊಂದು ಕಡೆ. 1992ಕ್ಕ ಹ್ಯಾಲ್ ದಿವಾಳಿ ಅಂಚಿಗೆ ಬಂದು ನಿಂತು, ಸಾಲಗಾರರ ಜೋಡಿ ರಾಜಿ ಮಾಡ್ಕೋಬೇಕು ಅಂತ ಕೋರ್ಟ್ ಮೆಟ್ಲಾ ಹತ್ತಿತು. ಸಾಲ ಎಷ್ಟು ಅಂದ್ರ 150 ಕೋಟಿ ಯೆನ್.

ಮಜಾ ನೋಡ್ರಿ, ನಮ್ಮ ಹೂರಣದ ಉಂಡಿ ಹುಟ್ಟಿದ್ದೂ ಇದ ವರ್ಷ. ಮಸಾಹಿರೋ ಸಕುರಾಯಿ ಅನ್ನೋ ಹುಡುಗ, ಇನ್ನೂ ಇಪ್ಪತ್ತರ ಆಸುಪಾಸು. ಆಟ ಆಡಿ ಗೊತ್ತಿಲ್ಲದವರೂ ಕಡೀತನಕಾ ಆಡಿ ಗೆಲ್ಲೋವಂಥ ಒಂದು ಆಟ ಮಾಡಬೇಕು ಅಂತ ಅವನ ವಿಚಾರ. ಚಿತ್ರ ಆಮ್ಯಾಲ ಬರಿಯೋಣು, ಸದ್ಯಕ್ಕ ಜಾಗಾ ಹಿಡೀಲಿಕ್ಕೆ ಇರಲಿ ಅಂತ ಒಂದು ದುಂಡನ ಗುರುತು ಇಟ್ಕೊಂಡು ಕೆಲಸಾ ಶುರು ಮಾಡಿದ. ನೋಡ್ಕೋತ ನೋಡ್ಕೋತ ಆ ದುಂಡಗ ಇದ್ದದ್ದ ಎಲ್ಲಾರಿಗೂ ಪ್ರೀತಿ ಆತು, ಅದನ್ನ ಉಳಿಸಿಬಿಟ್ರು. ಆಟಕ್ಕ ಮೊದಲ ಇಟ್ಟ ಹೆಸರು ಟಿಂಕಲ್ ಪೋಪೋ. ಹ್ಯಾಲ್ ತಾನ ಮಾರಬೇಕು ಅಂತ ತಯಾರಿ ನಡದು, ಅಂಗಡಿಯವರಿಂದ 26 ಸಾವಿರ ಪ್ರತಿಗೆ ಆರ್ಡರೂ ಬಂದಿತ್ತು. ಆಗ ನಿಂಟೆಂಡೊದ ಶಿಗೆರು ಮಿಯಾಮೊಟೊ ಆಡಿ ನೋಡಿ, “ಇದನ್ನ ಹಿಂಗ ಬಿಟ್ರ ವ್ಯರ್ಥ ಆಗ್ತದ, ಇನ್ನೊಂಚೂರು ತಿದ್ದಿದ್ರ ಭಾಳ ಛಲೋ ಆಗ್ತದ” ಅನ್ನೋ ಅರ್ಥದಾಗ ಹೇಳಿದ್ರು.

ಸಾಲದಾಗ ಇದ್ದವರು ಕೈಯಾಗ ಬಂದ ಆರ್ಡರ್ ಬಿಡ್ತಾರೇನು? ಇವರು ಬಿಟ್ರು. ಎಲ್ಲಾ ಆರ್ಡರ್ ರದ್ದು ಮಾಡಿ, ಮಾರೋ ಮಂದಿ ಕಡಿಂದ ಬೈಸ್ಕೊಂಡು, ತಿದ್ದಿ ಹೆಸರು ಬದಲಿಸಿ, 1992ರ ಏಪ್ರಿಲ್‌ದಾಗ ನಿಂಟೆಂಡೊ ಕೈಲೆ ಹೊರಗ ತಂದ್ರು. ಅದ ಕರ್ಬಿ. 26 ಸಾವಿರಕ್ಕ ನಿಂತು ಬಿಡ್ತಿದ್ದ ಆಟ ಜಗತ್ತಿನ ತುಂಬ 50 ಲಕ್ಷದ ಮ್ಯಾಲ ಹೋತು. ಬಣ್ಣದ ಜಗಳ ಇನ್ನೊಂದು. ಆ ಗೇಮ್‌ಬಾಯ್ ಯಂತ್ರದಾಗ ಬಣ್ಣನ ಕಾಣ್ತಿದ್ದಿಲ್ಲ. ಸಕುರಾಯಿ ಮನಸಿನಾಗ ಕರ್ಬಿ ಗುಲಾಬಿ, ಮಿಯಾಮೊಟೊ ತಿಳ್ಕೊಂಡದ್ದು ಹಳದಿ, ಅಮೆರಿಕಾದವರು ಡಬ್ಬಿ ಮ್ಯಾಲ ಬೆಳ್ಳಗ ಅಚ್ಚು ಹಾಕಿದ್ರು!

ಆದ್ರ ಒಂದು ಆಟ ಓಡಿದ್ದಕ್ಕ 150 ಕೋಟಿ ಯೆನ್ ತೀರೂದಿಲ್ಲ. ನಿಂಟೆಂಡೊದ ಯಜಮಾನರು ಹಿರೋಶಿ ಯಾಮಾಉಚಿ ಅಂತ, ಭಾಳ ಖಡಕ್ ಮನಶ್ಯಾ. “ಸಹಾಯ ಮಾಡ್ತೀನಿ, ಆದ್ರ ಇವಾತಾನ್ನ ಅಧ್ಯಕ್ಷ ಮಾಡ್ರಿ” ಅಂತ ಷರತ್ತು ಹಾಕಿದ್ರು. 1993ರಾಗ 33ನೇ ವಯಸ್ಸಿಗೆ ಇವಾತಾ ಆ ಖುರ್ಚಿ ಮ್ಯಾಲ ಕುಂತ್ರು. ಇಲ್ಲೀತನಕಾ ‘ಅವಾ’ ಅಂದೆ, ಇನ್ನ ‘ಅವರು’ ಅಂತೀನಿ. ಸಾಲ ಅವರು ಮಾಡಿದ್ದಲ್ಲ. ಓಡಿ ಹೋಗಿದ್ರ ಬ್ಯಾರೆ ಕಡೆ ದೊಡ್ಡ ಪಗಾರ ಸಿಗ್ತಿತ್ತು. ಸಂಗಟ ದುಡದವರನ್ನ ಬಿಟ್ಟು ಓಡಿದ್ರ ಜೀವನಪರ್ಯಂತ ಪಶ್ಚಾತ್ತಾಪ ಪಡ್ತಿದ್ದೆ ಅಂತ ಮುಂದ ಅವರ ಹೇಳ್ಯಾರ. ಲೆಕ್ಕಾ ಕಟ್ಟಿದ್ರು: ವರ್ಷಕ್ಕ 25 ಕೋಟಿ ಯೆನ್, ಆರು ವರ್ಷ.

ಈಗ ಬರ್ತದ ನೋಡ್ರಿ, ನಾನು ಈ ಕಥಿ ಬರೀಲಿಕ್ಕೆ ಕುಂತ ಕಾರಣ. ಅಧ್ಯಕ್ಷರಾದ ಮೊದಲನೇ ತಿಂಗಳು ಅವರು ಮಾಡಿದ ಕೆಲಸ ಅಂದ್ರ, ಕಂಪನ್ಯಾಗಿನ ಒಬ್ಬೊಬ್ಬರನ್ನೂ ಕರದು ಎದುರಿಗೆ ಕೂಡಿಸ್ಕೊಂಡು ಮಾತಾಡಿದ್ದು. ಎಂಬತ್ತು ತೊಂಬತ್ತು ಮಂದಿ. ಒಬ್ಬರ ಜೋಡಿ ಇಪ್ಪತ್ತು ನಿಮಿಷದಾಗ ಮುಗೀತಿತ್ತು, ಇನ್ನೊಬ್ಬರ ಜೋಡಿ ಮೂರು ತಾಸು ಹಿಡೀತಿತ್ತು. ನೀವು ಈಗ ಸುಖವಾಗಿ ಇದ್ದೀರೇನು ಅಂತ ಕೇಳಿ ಮಾತು ತಗೀತಿದ್ರು. ಅದೂ ಒಂದ ಸಲ ಅಲ್ಲ, ಆರು ತಿಂಗಳಿಗೊಮ್ಮೆ ಎಲ್ಲಾರ ಜೋಡಿ ಮತ್ತ ಮೊದಲಿಂದ. ಹ್ಯಾಲ್‌ದಾಗ ಇರೋತನಕಾ ಈ ಪದ್ಧತಿ ಬಿಡಲಿಲ್ಲ. ದಿನಾ ಬಾಜೂಕ ಕುಂತು ಕೆಲಸಾ ಮಾಡಿದವರ ಬಗ್ಗೆನೂ, ಎದುರಿಗೆ ಕುಂತು ಕೇಳೋತನಕಾ ತಮಗ ಎಷ್ಟೋ ಗೊತ್ತಿದ್ದಿಲ್ಲ ಅಂತ ಅವರು ಹೇಳ್ಯಾರ.

ಮಾತಿನ ಜೋಡಿ ಕೈಯೂ ನಡದಿತ್ತು. ಶಿಗೆಸಾತೊ ಇಟೊಯಿ ಅನ್ನೋ ಲೇಖಕರ ‘ಮದರ್ 2’ ಅನ್ನೋ ಆಟ ನಾಕು ವರ್ಷದಿಂದ ಗಂಟು ಬಿದ್ದ ನೂಲಿನಂಗ ಆಗಿತ್ತು. ಇವಾತಾ ಹೋಗಿ ನೋಡಿ, “ಇದ್ದದ್ದನ್ನ ಬಿಡಿಸ್ಕೋತ ಕುಂತ್ರ ಎರಡು ವರ್ಷ. ಮೊದಲಿಂದ ಮಾಡ್ರಿ ಅಂದ್ರ ಅರ್ಧ ವರ್ಷ” ಅನ್ನೋ ಲೆಕ್ಕಾ ಮುಂದ ಇಟ್ರು. ಹೊಸದಾಗಿ ಮಾಡೋದ ಖರೇ ಅಂತಾತು. 1994ರ ಆಗಸ್ಟ್‌ದಾಗ ಆಟ ಹೊರಗ ಬಂತು, ಇವತ್ತಿಗೂ ಅದನ್ನ ನೆನಸೋ ಮಂದಿ ಇದ್ದಾರ. ಮುಂದ ಸಕುರಾಯಿ ವಿಚಾರ ಮಾಡೂದು, ಇವಾತಾ ಅಧ್ಯಕ್ಷರಿದ್ರೂ ಸೂಟಿ ದಿನ ಕುಂತು ತಾವ ಪ್ರೋಗ್ರಾಂ ಬರಿಯೂದು, ಹಿಂಗ ಇನ್ನೊಂದು ಆಟ ಮೊಳಕಿ ಒಡೀತು. ಅದ 1999ರ ಜನವರಿಗೆ ಬಂದ ‘ಸ್ಮ್ಯಾಶ್ ಬ್ರದರ್ಸ್’. ಅದ ವರ್ಷ ಆರು ವರ್ಷದ ಕಂತು ಮುಗದು ಸಾಲ ಚುಕ್ತಾ ಆತು.

2000ಕ್ಕ ಇವಾತಾ ನಿಂಟೆಂಡೊಕ್ಕ ಹೋದ್ರು. 2002ಕ್ಕ ಯಾಮಾಉಚಿ ತಮ್ಮ ಖುರ್ಚಿನ ಅವರಿಗೆ ಬಿಟ್ಟುಕೊಟ್ರು. ಅಲ್ಲೂ ಒಂದು ಕೆಟ್ಟ ಕಾಲ ಬಂತು. ಒಂದು ಯಂತ್ರ ಓಡಲಿಲ್ಲ, ಮಂದೀನ್ನ ಕೆಲಸದಿಂದ ತಗದು ಖರ್ಚು ಯಾಕ ಇಳಸಬಾರದು ಅನ್ನೋ ಪ್ರಶ್ನಿ ಷೇರುದಾರರ ಕಡಿಂದ ಬಂತು. ನಾಳೆ ನನ್ನ ಕೆಲಸ ಹೋದೀತು ಅಂತ ಅಂಜಿದವರು ಮಂದೀಗೆ ಖುಷಿ ಕೊಡೋವಂಥದ್ದನ್ನ ಮಾಡೂದು ಸಾಧ್ಯ ಇಲ್ಲ ಅನ್ನೋದು ಅವರ ಉತ್ತರ. 2014ರಾಗ ತಮ್ಮ ಪಗಾರನ ಕೆಲವು ತಿಂಗಳ ಅರ್ಧಕ್ಕ ಇಳಿಸ್ಕೊಂಡ್ರು. 2015ರ ಜುಲೈ 11ಕ್ಕ ತೀರಿಕೊಂಡ್ರು, ಆಗ ಬರೇ 55 ವಯಸ್ಸು.

ಈಗ ನಮ್ಮ ಮನಿ ಮಾತು. ಮಾವನೋರ ಕಾಲಕ್ಕ ನಮ್ಮ ಬಟ್ಟಿ ಅಂಗಡಿ ಸಾಲಕ್ಕ ಬಿತ್ತು. ಗಂಡಸರೆಲ್ಲಾ ನಡುಮನಿ ಬಾಗಲಾ ಹಾಕ್ಕೊಂಡು ಮಾತಾಡಿದ್ರು. ಸೊಸೆಂದ್ರು ನಾವು ಬಳಿ ಬಿಚ್ಚಿ ಕೊಡ್ರಿ ಅಂದಾಗಷ್ಟ ತಿಳ್ಕೊಂಡ್ವಿ. ಮೊದಲ ಮಾಡಿದ್ದು ಏನು ಅಂದ್ರ ಅಂಗಡಿ ಹುಡುಗರಿಬ್ಬರನ್ನ ಬಿಡಿಸಿದ್ದು. ಅದರಾಗ ಒಬ್ಬಾಂವಗ ಯಾವ ಹಳ್ಳಿಯವರು ಎಷ್ಟು ಉದ್ರಿ ಒಯ್ದಾರ, ಯಾರ ಮನಿಗೆ ಸುಗ್ಗಿ ಮುಗದ ಮ್ಯಾಲ ಹೋದ್ರ ರೊಕ್ಕ ಸಿಗ್ತದ ಅನ್ನೋದೆಲ್ಲಾ ಬಾಯಿಪಾಠ. ಅವನ್ನ ಯಾರೂ ಕೂಡಿಸಿ ಕೇಳಲಿಲ್ಲ. ಅವಾ ಹೋದ, ಅವನ ಜೋಡಿ ಆ ಉದ್ರಿ ಲೆಕ್ಕಾನೂ ಹೋತು. ಅಂಗಡಿ ಎರಡು ವರ್ಷಕ್ಕ ಮುಚ್ಚಿತು. ಕೇಳಿದ್ರ ಉಳೀತಿತ್ತೋ ಇಲ್ಲೋ, ನಾ ಹೆಂಗ ಹೇಳಲಿ. ಕೇಳಲಿಲ್ಲ ಅನ್ನೋದಷ್ಟ ಖರೇ.

ಹ್ಯಾಲ್ ಇನ್ನೂ ನಡದದ. ಟೋಕಿಯೋದಾಗ, ಯಾಮಾನಾಶಿಯೊಳಗ ಎರಡೂ ಕಡೆ ಅದ. 2022ಕ್ಕ ಕರ್ಬಿಯ ಹೊಸಾ ಆಟ ಬಂತು, ನಮ್ಮ ಹುಡುಗನ ಕೈಯಾಗಿರೋದು ಅದ. ಆಟ ಶುರು ಆಗೂಕಿಂತ ಮೊದಲ ಕಂಪನಿ ಗುರುತು ಮೂಡ್ತದ, ನೋಡ್ರಿ ಒಮ್ಮೆ. ಗೂಡಿನಾಗ ತತ್ತಿ, ತತ್ತಿ ಮ್ಯಾಲ ಒಂದು ನಾಯಿ ಕಾವು ಕೊಟ್ಕೋತ ಕುಂತದ. ಇವಾತಾ ಅಧ್ಯಕ್ಷರಿದ್ದಾಗಲೇ, 1998ರಿಂದ ಬಂದ ಗುರುತು ಅದು. ನಾಯಿಗೂ ತತ್ತಿಗೂ ಏನು ಸಂಬಂಧ ಅಂತ ಮೊಮ್ಮಗನ್ನ ಕೇಳಿದೆ. “ಸಂಬಂಧ ಇಲ್ಲಜ್ಜಿ, ಆದ್ರೂ ಎದ್ದು ಹೋಗಿಲ್ಲ ನೋಡು” ಅಂದ. ಅವನಿಗೆ ಹಾಲು ಕಾಸಿ ಕೊಟ್ಟು ಬಂದು ಇದನ್ನ ಬರದೆ.