ಒಂದು ಕೋಟು, ಎರಡು ವೈನರಿ

ಅಣ್ಣ ತಮ್ಮ ಆಸ್ತಿಗಾಗಿ ಕೋರ್ಟು ಮೆಟ್ಟಿಲು ಹತ್ತಿದ ಸುದ್ದಿ ಓದಿ ಓದಿ ನನಗೆ ಬಾಯಿಪಾಠ ಆಗಿಬಿಟ್ಟಿದೆ. ಇವತ್ತಿನದ್ದೂ ಅದೇ ಕಥೆ ವೀಕ್ಷಕರೇ. ಆದರೆ ಜಾಗ ಅಮೆರಿಕದ ಕ್ಯಾಲಿಫೋರ್ನಿಯಾ, ನಾಪಾ ಕಣಿವೆ. ಮನೆತನ ಮೊಂಡಾವಿ.

ಅಪ್ಪನಿಂದಲೇ ಶುರು ಮಾಡೋಣ. ಚೆಸಾರೆ ಮೊಂಡಾವಿ ಹೊಟ್ಟೆಪಾಡಿಗಾಗಿ ಇಟಲಿ ಬಿಟ್ಟು ಬಂದು ಮಿನ್ನೆಸೋಟಾದ ಗಣಿ ಸೀಮೆಯಲ್ಲಿ ನೆಲೆಸಿದವನು. 1920ರ ಜನವರಿಯಲ್ಲಿ ಇಡೀ ದೇಶಕ್ಕೆ ಪಾನನಿಷೇಧ ಬಂತು. ವೈನರಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ಆದರೆ ಕಾನೂನಿನಲ್ಲೊಂದು ಸಂದು ಉಳಿದಿತ್ತು. ಮನೆ ಬಳಕೆಗೆ ಅಂತ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ಹಣ್ಣಿನ ರಸ ಮಾಡಿಕೊಳ್ಳಬಹುದಿತ್ತು. ಅಮಲೇರಿಸಬಾರದು ಅನ್ನೋದು ಷರತ್ತು. ನೆಲಮಾಳಿಗೆಯ ಪೀಪಾಯಿಯಲ್ಲಿ ಆ ರಸ ಏನಾಯ್ತು ಅಂತ ನೋಡೋಕೆ ಯಾವ ಇನ್‌ಸ್ಪೆಕ್ಟರ್ ಬರ್ತಾನೆ ಹೇಳಿ? ಊರಿನ ಇಟಾಲಿಯನ್ನರಿಗೆ ದ್ರಾಕ್ಷಿ ತರೋದಕ್ಕೆ ಅಂತ ಚೆಸಾರೆ ಕ್ಯಾಲಿಫೋರ್ನಿಯಾಗೆ ಹೋದ. ವ್ಯಾಪಾರ ಕುದುರಿತು. ಸಂಸಾರ ಸಮೇತ ಲೋಡೈ ಊರಿಗೆ ಬಂದು ನೆಲೆಸಿ, ದ್ರಾಕ್ಷಿಯನ್ನು ರೈಲಿಗೆ ಹೇರಿ ಕಳಿಸತೊಡಗಿದ. ಕುಡಿತ ನಿಲ್ಲಿಸಲು ಬಂದ ಕಾನೂನು ಒಂದು ವೈನ್ ಮನೆತನಕ್ಕೆ ದಾರಿ ಮಾಡಿಕೊಟ್ಟಿತು!

ನಿಷೇಧ 1933ರ ಡಿಸೆಂಬರ್‌ನಲ್ಲಿ ಹೋಯ್ತು. 1943ರಲ್ಲಿ ಕುಟುಂಬ 75,000 ಡಾಲರ್ ಕೊಟ್ಟು ಚಾರ್ಲ್ಸ್ ಕ್ರುಗ್ ವೈನರಿಯನ್ನು ಕೊಂಡಿತು. 1861ರಲ್ಲಿ ಶುರುವಾಗಿದ್ದ ಹಳೇ ವೈನರಿ ಅದು. ದೊಡ್ಡ ಮಗ ರಾಬರ್ಟ್ ಮಾರಾಟ ನೋಡಿಕೊಂಡ, ಚಿಕ್ಕವನು ಪೀಟರ್ ವೈನ್ ಮಾಡುವುದನ್ನು. ಈ ಪೀಟರ್ ಬಗ್ಗೆ ನನ್ನೊಳಗಿನ ಎಂಜಿನಿಯರ್‌ಗೆ ಸ್ವಲ್ಪ ಪಕ್ಷಪಾತ ಇದೆ. ಯೀಸ್ಟ್ ಸಕ್ಕರೆ ತಿನ್ನುವಾಗ ಬಿಸಿ ಹುಟ್ಟುತ್ತೆ. ಬಿಸಿ ಏರಿದರೆ ಬಿಳಿ ವೈನಿನ ಪರಿಮಳ ಹಾರಿಹೋಗುತ್ತೆ. ಅದನ್ನು ತಣ್ಣಗಿಟ್ಟು ಹುದುಗಿಸುವುದು ಹೇಗೆ ಅಂತ ಕಾಲೇಜಿನಲ್ಲೇ ಅಭ್ಯಾಸ ಮಾಡಿ, ವೈನರಿಗೆ ತಂದವನು ಅವನು.

ಮನೆಯ ಬಿಸಿ ಮಾತ್ರ ಇಳಿಯಲಿಲ್ಲ. 1959ರಲ್ಲಿ ಅಪ್ಪ ತೀರಿಕೊಂಡ. ರಾಬರ್ಟ್‌ಗೆ ಶ್ವೇತಭವನದ ಔತಣಕ್ಕೆ ಕರೆ ಬಂದಾಗ ಹೆಂಡತಿಗೆ ಮಿಂಕ್ ಕೋಟು ಕೊಡಿಸಿದ್ದ. 1965ರಲ್ಲಿ ಮನೆಯವರೆಲ್ಲ ಸೇರಿದ್ದಾಗ ಅದರ ದುಡ್ಡಿನ ಮಾತೆತ್ತಿದವನು ಪೀಟರ್. ಅಣ್ಣ ತಮ್ಮನಿಗೆ ಹೊಡೆದೇಬಿಟ್ಟ. ತಾಯಿ ರೋಸಾ ನಿಂತಿದ್ದು ಚಿಕ್ಕವನ ಕಡೆ. ಐವತ್ತು ದಾಟಿದ್ದ ರಾಬರ್ಟ್ ಹೊರಗೆ ಬಿದ್ದ.

ಸುಮ್ಮನೆ ಕೂರೋ ಜಾತಿಯಲ್ಲ ಆ ಮನುಷ್ಯ. 1966ರಲ್ಲೇ ಓಕ್‌ವಿಲ್‌ನಲ್ಲಿ ತನ್ನ ಹೆಸರಿನ ವೈನರಿ ಶುರು ಮಾಡಿದ. ಹಳೇ ವೈನರಿಯ ಪಾಲಿಗಾಗಿ ನಡೆದ ಕೇಸೂ 1976ರಲ್ಲಿ ಅವನ ಪರವಾಗಿಯೇ ಆಯ್ತು. ನಾಪಾ ಹೆಸರು ಲೋಕಕ್ಕೆಲ್ಲ ಗೊತ್ತಾಗಿದ್ದರಲ್ಲಿ ಅವನ ಪಾಲು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ.

ಆಮೇಲೆ ಬಂದಿದ್ದು ಫಿಲಾಕ್ಸೆರಾ. ದ್ರಾಕ್ಷಿ ಬೇರನ್ನು ಹೀರುವ, ಕಣ್ಣಿಗೆ ಕಾಣೋದೇ ಕಷ್ಟ ಅನ್ನುವಷ್ಟು ಸಣ್ಣ ಕೀಟ. ಇದಕ್ಕೆ ಔಷಧಿ ಹೊಡೆದರೆ ಹೋಗಲ್ಲ. ಬಳ್ಳಿ ಕಿತ್ತು, ಕೀಟಕ್ಕೆ ಬಗ್ಗದ ಬೇರಿನ ಮೇಲೆ ಕಸಿ ಮಾಡಿದ ಗಿಡ ನೆಡಬೇಕು, ಮತ್ತೆ ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಅಷ್ಟು ದುಡ್ಡು ಎಲ್ಲಿಂದ ತರೋದು? 1993ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಹೋಯ್ತು. 2004ರಲ್ಲಿ ಕಾನ್‌ಸ್ಟೆಲೇಷನ್ ಬ್ರ್ಯಾಂಡ್ಸ್ 100 ಕೋಟಿ ಡಾಲರ್‌ಗೂ ಹೆಚ್ಚು ಕೊಟ್ಟು ಕೊಂಡುಕೊಂಡಿತು. ಬಾಟಲಿ ಮೇಲೆ ಮೊಂಡಾವಿ ಹೆಸರು ಉಳೀತು, ಯಜಮಾನಿಕೆ ಹೋಯ್ತು. ನನ್ನನ್ನು ಕೇಳಿದರೆ ರಾಬರ್ಟ್ ವೈನರಿ ಕಳೆದುಕೊಳ್ಳೋಕೆ ಶುರುವಾಗಿದ್ದು ತಮ್ಮನಿಗೆ ಹೊಡೆದ ದಿನ ಅಲ್ಲ, ಷೇರು ಮಾರಿದ ದಿನ.

ಕೇಸು ಸೋತ ಪೀಟರ್ ಮಾತ್ರ ಕ್ರುಗ್ ಬಿಟ್ಟುಕೊಡಲಿಲ್ಲ. ಅದು ಅವನ ಮಕ್ಕಳಿಗೆ ಬಂತು.

2005ರಲ್ಲಿ ನಾಪಾದ ದತ್ತಿ ಹರಾಜಿಗೆ ಒಂದು ಪೀಪಾಯಿ ವೈನ್ ಬಂತು. ಅರ್ಧ ದ್ರಾಕ್ಷಿ ಅಣ್ಣನ ಕಡೆಯದ್ದು, ಅರ್ಧ ತಮ್ಮನದ್ದು. ಅಷ್ಟೊತ್ತಿಗೆ ಇಬ್ಬರಿಗೂ ತೊಂಬತ್ತು ತುಂಬಿತ್ತು. ನಲವತ್ತು ವರ್ಷದ ನಂತರ ಇಬ್ಬರೂ ಸೇರಿ ಮಾಡಿದ ಆ ಒಂದು ಪೀಪಾಯಿ 4 ಲಕ್ಷ ಡಾಲರ್‌ಗೂ ಮೇಲೆ ಹೋಯ್ತು. ಅವರಪ್ಪ ಇಡೀ ವೈನರಿಗೆ ಕೊಟ್ಟಿದ್ದು 75,000.