ಮುಲ್ಕಿ ಪಾಸಾದವನ ಕುರ್ಚಿ

ತಡಸ ಎರಡು ಸೀಮೆಗಳ ನಡುವೆ ನಿಂತ ಊರು. ಪಡುವಣಕ್ಕೆ ಮುಂಡಗೋಡ, ಹಾನಗಲ್ಲಿನ ಕಡೆ ಹೊರಟರೆ ಭತ್ತದ ಗದ್ದೆ, ಕೆರೆ, ಇಳಿಜಾರು ಹಂಚಿನ ಮನೆ. ಮೂಡಣಕ್ಕೆ ಕುಂದಗೋಳ, ಸವಣೂರಿನ ಕಡೆ ಹೊರಳಿದರೆ ಎರೆಹೊಲ, ಹತ್ತಿ, ಮೆಣಸಿನಕಾಯಿ, ಮಣ್ಣಿನ ಮಾಳಿಗೆ. ಶಿಗ್ಗಾವಿ ತಾಲೂಕಿನ ಈ ಊರನ್ನು ಹೊರಗಿನವರು ಬಲ್ಲದ್ದು ‘ತಡಸ ಕ್ರಾಸ್’ ಎಂದೇ. ಪುಣೆ–ಬೆಂಗಳೂರು ಹೆದ್ದಾರಿಯಿಂದ ಮುಂಡಗೋಡ, ಶಿರಸಿಯ ದಾರಿ ಇಲ್ಲಿ ಕವಲೊಡೆಯುತ್ತದೆ. ಈ ಸೀಮೆಯ ಮಕ್ಕಳನ್ನು ದುಡಿಮೆಗೆ ಅಣಿಮಾಡುವ ಶಿಕ್ಷಣದ ಯೋಜನೆಗಳು ಬ್ರಿಟಿಷರ ಕಾಲದಿಂದ ಇಂದಿನವರೆಗೆ ಹಲವು ಬಂದು ಹೋಗಿವೆ. ಅವುಗಳಲ್ಲಿ ನಿಜಕ್ಕೂ ಬೇರು ಬಿಟ್ಟದ್ದು ಒಂದೇ, ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ. ಅದರ ಪಾಠ ಮಿಕ್ಕವುಗಳಿಗಿಂತ ಚೆನ್ನಾಗಿತ್ತೆಂದು ಹೀಗೆ ಹೇಳುತ್ತಿಲ್ಲ. ಆ ಪರೀಕ್ಷೆಯ ಆಚೆ ಒಂದು ಕುರ್ಚಿ ಕಾದಿತ್ತು, ಆ ಕುರ್ಚಿ ಊರಿಗೆ ಹತ್ತಿರದಲ್ಲೇ ಇತ್ತು.

ಮುಲ್ಕಿಗೆ ಮುಂಚೆ ಕಸುಬು ಕಲಿಸುತ್ತಿದ್ದದ್ದು ಮನೆ. ಬಡಿಗ, ಕಂಬಾರ, ಕುಂಬಾರರ ಮಕ್ಕಳು ಅಪ್ಪನ ಕೈಕೆಳಗೆ ಪಳಗುತ್ತಿದ್ದರು. ಸುಗ್ಗಿಯಲ್ಲಿ ರಾಶಿಯಿಂದ ಬರುವ ಆಯವೇ ಸಂಬಳ. ಸವಣೂರಿನ ಎಲೆಬಳ್ಳಿಯ ತೋಟಗಳಲ್ಲಿಯೂ ಅಷ್ಟೇ, ಬಳ್ಳಿ ಇಳಿಸುವ, ಎಲೆ ಕೊಯ್ಯುವ ಹದವನ್ನು ಯಾವ ಸಾಲಿಯೂ ಹೇಳಿಕೊಡಲಿಲ್ಲ. ಹೊಸ ಕೆಲಸ ತಂದದ್ದು ದಾರಿ. ರೈಲು ಬರುವ ಮೊದಲು ಧಾರವಾಡ ಜಿಲ್ಲೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು. ಬೆಳೆದದ್ದು ಇಲ್ಲಿಯಾದರೂ ಮುಂಬೈ ಪೇಟೆಯಲ್ಲಿ ಅದರ ಹೆಸರು ‘ಕುಮಟಾ ಹತ್ತಿ’. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಹತ್ತಿಯ ಬೆಲೆ ಏರಿದಾಗ ಒಕ್ಕಲಿಗನಷ್ಟೇ ಗಾಡಿಯವನೂ ಕಾಸು ಕಂಡ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂತು. ಅದರ ಹಳಿ ಕುಂದಗೋಳ, ಯಲವಿಗಿ, ಹಾವೇರಿಯ ಮೇಲೆ ಹಾದುಹೋಯಿತು. ತಡಸ, ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರಗಳಿಗೆ ಅದು ಮುಟ್ಟಲಿಲ್ಲ. ಕಾರ್ಖಾನೆ ಎನ್ನುವಂಥದ್ದೆಲ್ಲ, ರೈಲ್ವೆ ವರ್ಕ್‌ಶಾಪ್ ಮತ್ತು ನೂಲಿನ ಗಿರಣಿ ಎರಡೂ, ಹುಬ್ಬಳ್ಳಿಯಲ್ಲಿ ಕೂತವು. ಈ ಸೀಮೆಯ ಕೆಲಸದ ನಕ್ಷೆ ಅಂದು ಬಿದ್ದದ್ದು, ಇಂದಿಗೂ ಬಹುಪಾಲು ಹಾಗೇ ಇದೆ.

ಇಂಥ ಕಡೆ ಬಂದದ್ದು ಮುಲ್ಕಿ. ಮುಂಬೈ ಇಲಾಖೆಯ ಕನ್ನಡ ಸಾಲಿಗಳಲ್ಲಿ ಏಳು ಇಯತ್ತೆ ಮುಗಿಸಿದವರಿಗೆ ನಡೆಯುತ್ತಿದ್ದ ಈ ಪರೀಕ್ಷೆಯ ಆಡಳಿತದ ಹೆಸರು ಏನಿದ್ದರೂ, ಜನ ಅದನ್ನು ಕರೆದದ್ದು ಮುಲ್ಕಿ ಎಂದು. ಪಾಸಾದವನು ಸಾಲಿ ಮಾಸ್ತರ ಆಗಬಹುದಿತ್ತು, ತಲಾಟಿ ಆಗಬಹುದಿತ್ತು, ಕಚೇರಿಯಲ್ಲಿ ಕಾರಕೂನಿಕೆ ಹಿಡಿಯಬಹುದಿತ್ತು. ಇಂಗ್ಲಿಷ್ ಬೇಕಿರಲಿಲ್ಲ, ಕಾಲೇಜು ಬೇಕಿರಲಿಲ್ಲ. ಮಾಸ್ತರಿಕೆಯಲ್ಲಿ ಮೇಲೇರಬೇಕೆಂದವನು ಧಾರವಾಡದ ಟ್ರೇನಿಂಗ್ ಕಾಲೇಜಿಗೆ ಹೋಗಿ ಬರುತ್ತಿದ್ದ. ಮರಾಠಿಯೇ ಮೆರೆಯುತ್ತಿದ್ದ ಸಾಲಿಗಳಲ್ಲಿ ಕನ್ನಡಕ್ಕೆ ಜಾಗ ಮಾಡಿದ ಡೆಪ್ಯುಟಿ ಚನ್ನಬಸಪ್ಪನವರಂಥವರ ದುಡಿಮೆಯನ್ನು ನಾವು ಭಾಷೆಯ ಕಥೆಯಾಗಿ ಓದುತ್ತೇವೆ. ಅದು ಉದ್ಯೋಗದ ಕಥೆಯೂ ಹೌದು: ಕನ್ನಡ ಸಾಲಿ ಒಂದೊಂದು ತೆರೆದಂತೆ ಕನ್ನಡ ಬಲ್ಲವನಿಗೆ ಒಂದೊಂದು ನೌಕರಿ ಹುಟ್ಟಿತು. 1923ರ ಮುಂಬೈ ಪ್ರಾಥಮಿಕ ಶಿಕ್ಷಣ ಕಾಯದೆ ಸಾಲಿಗಳನ್ನು ಸ್ಥಳೀಯ ಮಂಡಳಿಗಳ ಕೈಗೆ ಒಪ್ಪಿಸಿದ ಮೇಲಂತೂ ಕಲಿಸುವ ಸಾಲಿ, ಕೆಲಸ ಕೊಡುವ ಬೋರ್ಡು ಎರಡೂ ಒಂದೇ ಜಿಲ್ಲೆಯೊಳಗೆ ಬಂದವು. ಎಷ್ಟು ಮಾಸ್ತರರು ಬೇಕೆಂಬುದು ಯಾರಿಗೆ ಗೊತ್ತಿತ್ತೋ, ಸಾಲಿಗಳನ್ನು ನಡೆಸುತ್ತಿದ್ದವರೂ ಅವರೇ.

ಮುಲ್ಕಿಯನ್ನು ಹೊಗಳುವುದೆಂದರೆ ಅನ್ಯಾಯವನ್ನು ಹೊಗಳಿದಂತೆ ಎಂದು ಯಾರಾದರೂ ಆಡಿದರೆ ಅದನ್ನು ತಳ್ಳಿಹಾಕುವಂತಿಲ್ಲ. ಏಳನೇ ಇಯತ್ತೆ ಮುಟ್ಟುತ್ತಿದ್ದವರು ಕೆಲವರು, ಅವರಲ್ಲಿ ಹೆಣ್ಣುಮಕ್ಕಳು ಬೆರಳೆಣಿಕೆ, ಮುಂದೆ ಬಂದದ್ದು ಓದುಬರಹದ ಬಲವಿದ್ದ ಜಾತಿಗಳು. ಕಂಬಾರನ ಮಗ ಮುಲ್ಕಿ ಪಾಸಾದರೆ ಕುಲುಮೆ ಆರುತ್ತಿತ್ತು. ಸಾಲಿ ಅವನಿಗೆ ಕಬ್ಬಿಣದ ಬಗ್ಗೆ ಏನನ್ನೂ ಕಲಿಸಿರಲಿಲ್ಲ. ಸವಣೂರಂತೂ 1948ರವರೆಗೆ ನವಾಬರ ಸಂಸ್ಥಾನ, ಅಲ್ಲಿ ನೌಕರಿಯೆಂದರೆ ಮೊದಲು ದರಬಾರಿನದು. ಇವೆಲ್ಲ ನಿಜ. ಆದರೆ ಇವು ಕುರ್ಚಿಗಳ ಎಣಿಕೆ, ಅವು ಯಾರ ಪಾಲಾದವು ಎಂಬುದರ ಮೇಲಿನ ತಕರಾರು. ಓದಿಗೂ ಕೆಲಸಕ್ಕೂ ಗಂಟು ಹಾಕಿದ್ದು ತಪ್ಪು ಎಂದು ಇದರಿಂದ ಆಗುವುದಿಲ್ಲ. ಆ ಗಂಟನ್ನು ಎಲ್ಲರಿಗೂ ಹಿಗ್ಗಿಸಬೇಕಿತ್ತು. ನಾವು ಮಾಡಿದ್ದು ಅದನ್ನು ಬಿಚ್ಚಿದ್ದು.

1956ರ ಏಕೀಕರಣದ ನಂತರದ ದಶಕಗಳಲ್ಲಿ ಮಾಸ್ತರಿಕೆಯ ಅರ್ಹತೆ ಎಸ್ಸೆಸ್ಸೆಲ್ಸಿಗೆ, ಆಮೇಲೆ ಪಿಯುಸಿಗೆ ಏರಿತು. ಅದು ಆಗಬೇಕಾದದ್ದೇ. ಆದರೆ ಏಳು ಓದಿ ನಿಂತವನಿಗೆ, ಹತ್ತು ಓದಿ ನಿಂತವನಿಗೆ ಮುಂದೇನು? 1964–66ರ ಕೊಠಾರಿ ಆಯೋಗ ಕಸುಬಿನ ಶಿಕ್ಷಣ ಬೇಕೆಂದಿತು. ಕರ್ನಾಟಕ 1977–78ರಲ್ಲಿಯೇ, ದೇಶದ ಬಹುತೇಕ ರಾಜ್ಯಗಳಿಗಿಂತ ಮೊದಲು, ಪಿಯು ಹಂತದಲ್ಲಿ ವೃತ್ತಿ ಕೋರ್ಸುಗಳನ್ನು ತಂದಿತು. ಅವೇ ಜನರ ಬಾಯಲ್ಲಿ ‘ಜೆಒಸಿ’ (ಜಾಬ್ ಓರಿಯೆಂಟೆಡ್ ಕೋರ್ಸ್) ಆದವು. 1986ರ ರಾಷ್ಟ್ರೀಯ ನೀತಿ, ಹೈಯರ್ ಸೆಕೆಂಡರಿಯ ಮಕ್ಕಳಲ್ಲಿ ಶೇ. 25 ಮಂದಿಯನ್ನು 1995ರ ಹೊತ್ತಿಗೆ ಕಸುಬಿನ ಕಡೆ ತರುವುದಾಗಿ ಬರೆದುಕೊಂಡಿತು. ಶೇಕಡಾವಾರು ಗುರಿಯೇನೋ ಇತ್ತು, ಕುರ್ಚಿ ಎಲ್ಲಿದೆ ಎಂಬುದು ಮಾತ್ರ ಇರಲಿಲ್ಲ. ಜೆಒಸಿ ಮುಗಿಸಿದವನನ್ನು ಇಂಥ ಹುದ್ದೆಗೆ ತೆಗೆದುಕೊಳ್ಳಲೇಬೇಕೆಂದು ಯಾವ ಇಲಾಖೆಯೂ ಒಪ್ಪಿಕೊಂಡಿರಲಿಲ್ಲ. ಕಡೆಗೆ ಕೋರ್ಸುಗಳೇ ಮುಚ್ಚಿದವು. ಈಗ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯುಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಹೆಸರಿನಲ್ಲಿ ಒಂಬತ್ತನೇ ತರಗತಿಯಿಂದ ಆಟೊಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಬಂದಿವೆ. ಹೆಸರುಗಳನ್ನು ಕೇಳಿದರೆ ಅವುಗಳನ್ನು ಬೆಂಗಳೂರಿನ ಮಾಲಿನಲ್ಲಿ ಕೂತು ಆರಿಸಿದಂತಿದೆ.

‘ಹಾಗಾದರೆ ಐಟಿಐ?’ ಎಂದು ಕೇಳಬಹುದು. 1950ರಲ್ಲಿ ಶುರುವಾದ ಕುಶಲಕರ್ಮಿ ತರಬೇತಿ ಯೋಜನೆಯ ಫಲವಾಗಿ ಬಂದ ಐಟಿಐಗಳು ಇಲ್ಲಿಯೂ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳನ್ನು ಕೊಟ್ಟಿವೆ. ಅವರು ನಿಂತದ್ದು ಎಲ್ಲಿ ನೋಡಿ: ರೈಲ್ವೆ ವರ್ಕ್‌ಶಾಪು, ಬಸ್ ಡಿಪೊ, ವಿದ್ಯುತ್ ಕಂಪನಿ. ಅಂದರೆ ಬಾಗಿಲಾಚೆ ಕುರ್ಚಿ ಇದ್ದಲ್ಲಿ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಸರಕಾರ ಎಲ್ಲರಿಗೂ ನೌಕರಿ ಕೊಡಲಾಗದು, ಶಿಕ್ಷಣ ಇರುವುದು ನೌಕರಿಗಷ್ಟೇ ಅಲ್ಲ. ಒಪ್ಪಿದೆ. ಆದರೆ ‘ವೃತ್ತಿ’ ಎಂಬ ಹೆಸರಿಟ್ಟು ಎರಡು ವರ್ಷ ಕೂಡಿಸಿಕೊಂಡ ಕೋರ್ಸು, ಮುಗಿದ ಮೇಲೆ ಆ ಮಾತನ್ನು ಆಡುವಂತಿಲ್ಲ.

ಕೆಲಸ ಎಲ್ಲಿ ಎಂಬ ಪ್ರಶ್ನೆಗೆ ಮನೆಯೂ ಉತ್ತರ ಹೇಳುತ್ತದೆ. ಬೋರ್ಡಿನ ಮಾಸ್ತರ ವರ್ಗವಾದ ಊರಲ್ಲಿ ಬಾಡಿಗೆಯ ಪಡಸಾಲೆಯಲ್ಲಿದ್ದರೂ ವರ್ಗಾವಣೆ ಜಿಲ್ಲೆ ದಾಟುತ್ತಿರಲಿಲ್ಲ. ಹೊಲ, ಮನೆ, ಸಂಬಳ ಮೂರೂ ಒಂದು ಗಾಡಿದಾರಿಯೊಳಗೆ. ದೇವರಾಜ ಅರಸರ ಕಾಲದ ಜನತಾ ಮನೆಗಳು, 1991–92ರ ಆಶ್ರಯ, 2016ರ ಪ್ರಧಾನಮಂತ್ರಿ ಆವಾಸ್ ಇವೆಲ್ಲ ಬಡವನಿಗೆ ಅವನ ಊರಲ್ಲೇ ಸೂರು ಕೊಟ್ಟವು, ಕೊಟ್ಟದ್ದು ದೊಡ್ಡದು. ಆದರೆ ಅದೇ ಹೊತ್ತಿಗೆ ದುಡಿತ ಹುಬ್ಬಳ್ಳಿಗೆ, ಗೋವಾಕ್ಕೆ, ಮಂಗಳೂರಿಗೆ ಸರಿದಿತ್ತು. ವಸತಿ ಇಲಾಖೆ ಮನುಷ್ಯನನ್ನು ಊರಲ್ಲಿ ನಿಲ್ಲಿಸಿತು, ಪೇಟೆ ಅವನನ್ನು ಹೊರಗೆಳೆಯಿತು, ಶಿಕ್ಷಣ ಇಲಾಖೆ ಎರಡನ್ನೂ ನೋಡಲಿಲ್ಲ. ಗೋವಾದಲ್ಲಿ ಮಹಡಿ ಕಟ್ಟುವ ಗೌಂಡಿ ಆ ಕಸುಬು ಕಲಿತದ್ದು ಸಾಲಿಯಲ್ಲಲ್ಲ, ಸೋದರಮಾವನ ಹಿಂದೆ ಕಲ್ಲು ಹೊತ್ತು. ಆ ದುಡ್ಡು ಊರಿಗೆ ಬಂದಾಗ ಮಾಳಿಗೆ ಹೋಗಿ ಆರ್‌ಸಿಸಿ ಬಂತು. ವರ್ಷದ ಹೆಚ್ಚು ದಿನ ಆ ಮನೆಯಲ್ಲಿ ಇರುವವರು ಮುದುಕರು.

1997ರ ಆಗಸ್ಟ್ 24ರಂದು ಹಾವೇರಿ ಬೇರೆ ಜಿಲ್ಲೆಯಾದ ಮೇಲೆ ಕುರ್ಚಿ ಹುಡುಕುವ ಅಧಿಕಾರ ಹತ್ತಿರ ಬಂದಿದೆ. ಇದೇ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕೈಕಸುಬುಗಳ ಬದುಕು ಅದರ ವ್ಯಾಸಂಗದ ವಸ್ತುವೇ. ಜಿಲ್ಲಾಡಳಿತ ಮಾಡಬೇಕಾದ ಮೊದಲ ಕೆಲಸ ಹೊಸ ಕೋರ್ಸು ತೆರೆಯುವುದಲ್ಲ. ಕಳೆದ ಹತ್ತು ವರ್ಷಗಳಲ್ಲಿ ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರಗಳಲ್ಲಿ ಕೌಶಲ ವಿಷಯ ಓದಿದವರು, ಐಟಿಐ ಮುಗಿಸಿದವರು ಈಗ ಯಾವ ಊರಲ್ಲಿ, ಯಾವ ಕೆಲಸದಲ್ಲಿ, ಎಷ್ಟು ಬಾಡಿಗೆ ಕೊಟ್ಟು ಇದ್ದಾರೆ ಎಂಬುದನ್ನು ಹೆಸರು ಬಿಟ್ಟು ತಾಲೂಕುವಾರು ಪ್ರಕಟಿಸಲಿ. ಆಮೇಲೆ, ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದಷ್ಟು ದೂರದಲ್ಲಿ ಯಾರು ಎಷ್ಟು ಮಂದಿಯನ್ನು ತೆಗೆದುಕೊಳ್ಳಲು ಸಿದ್ಧರಿದ್ದಾರೆಂದು ಬರೆಸಿಕೊಂಡು, ಅಷ್ಟೇ ಸೀಟುಗಳ ತರಗತಿ ತೆರೆಯಲಿ. ವಿದ್ಯಾರ್ಥಿಗೆ ಕೊಡುವ ಬಸ್ ಪಾಸನ್ನು ಕೆಲಸ ಕಲಿಯುವ ಮೊದಲ ವರ್ಷಕ್ಕೂ ಮುಂದುವರಿಸಲಿ. ತಡಸ ಕ್ರಾಸಿನಲ್ಲಿ ಬೆಳಿಗ್ಗೆ ಹುಬ್ಬಳ್ಳಿಯ ಬಸ್ಸಿಗೆ ನಿಲ್ಲುವವರಿಗೆ ಮೊದಲು ಬೇಕಾದದ್ದು ಅದು.